ರೇಡಿಯೇಷನ್ ಆಗಿ ವರ್ಷ ಕಳೆದ ಮೇಲೆ ಅಮ್ಮನಿಗೆ ಸೊಂಟ ನೋವು: ಎಲುಬಿನ ಸಂಗತಿ ನಮಗೆ ಯಾರೂ ಹೇಳಿರಲಿಲ್ಲ

ಬದಿಯಡ್ಕದ ಮಗಳು | ಜೂನ್ 9, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ. ನಿಮ್ಮ ಮನೆಯ ಹೆಂಗಸರಲ್ಲಿ ಯಾರಿಗಾದರೂ ಕಿಬ್ಬೊಟ್ಟೆಗೆ ರೇಡಿಯೇಷನ್ ಆಗಿದ್ದರೆ, ಆಗಲಿಕ್ಕಿದ್ದರೆ, ಇದು ಬೇಕಾಗುತ್ತದೆ.

ನನ್ನ ಅಮ್ಮನಿಗೆ 61 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹೊರಗಿನಿಂದ 25 ಸಲ ಕರೆಂಟ್ (ರೇಡಿಯೇಷನ್), ಜೊತೆಗೆ ವಾರಕ್ಕೊಂದು ಕೀಮೋ, ಕೊನೆಗೆ ಒಳಗಿನಿಂದ ಕೊಡುವ ರೇಡಿಯೇಷನ್. ಐದು ವಾರ ಬೆಳಗಿನ ಬಸ್ಸಿನಲ್ಲಿ ಕುಂಬಳೆಗೆ, ಅಲ್ಲಿಂದ ಮಂಗಳೂರಿಗೆ, ಸಂಜೆ ವಾಪಸ್. ಆಚೆ ವರ್ಷ ನವೆಂಬರಿನಲ್ಲಿ ಎಲ್ಲ ಮುಗಿಯಿತು. ಸ್ಕ್ಯಾನಿನಲ್ಲಿ ಗಡ್ಡೆ ಕರಗಿದೆ ಎಂದರು. ನಾವು ದೇವರಿಗೆ ಕೈಮುಗಿದೆವು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಊರಿನಲ್ಲಿ ನಾವು ಯಾರಿಗೂ ಕ್ಯಾನ್ಸರ್ ಎಂದು ಹೇಳಲಿಲ್ಲ. ಅದೂ ಆ ಜಾಗದ್ದು ಎಂದು ಹೇಳುವುದು ಹೇಗೆ? ಕೇಳಿದವರಿಗೆಲ್ಲ ಅಪ್ಪ "ಸೊಂಟ ನೋವು, ಮಂಗಳೂರಿನಲ್ಲಿ ಕರೆಂಟ್ ಕೊಡುತ್ತಾರೆ" ಎಂದರು. ನಾನೂ ಹಾಗೆಯೇ ಹೇಳಿದೆ. ಅಮ್ಮನೂ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡರು.

ಈ ಜನವರಿಯಲ್ಲಿ ಅವರಿಗೆ ನಿಜವಾಗಿಯೂ ಸೊಂಟ ನೋವು ಶುರುವಾಯಿತು. ಆಗ ನಮ್ಮಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ.

ಅಡಿಕೆ ಸುಲಿಯುವ ಸಮಯ. ಅಮ್ಮ ಮಣೆಯ ಮೇಲೆ ಒಂದೇ ಬದಿಗೆ ಭಾರ ಹಾಕಿ ಕುಳಿತುಕೊಳ್ಳುತ್ತಿದ್ದರು. ಏಳುವಾಗ ಚಾವಡಿಯ ಕಂಬ ಹಿಡಿದು, ಇನ್ನೊಂದು ಕೈ ಮಂಡಿಗೆ ಊರಿ, ಎರಡು ಮೂರು ಸಲ ಉಸಿರು ಬಿಟ್ಟು ಏಳುತ್ತಿದ್ದರು. ಪ್ರಾಯ ಆಯ್ತು, ಕೂತು ಕೂತು ಹಿಡಿದುಕೊಂಡಿದೆ ಎಂದುಕೊಂಡೆವು. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಎಣ್ಣೆ ಹಚ್ಚಿದೆವು. ಉಳುಕು ತೆಗೆಯುವವರೊಬ್ಬರು ಬಂದು ಬೆನ್ನಿನ ಬುಡವನ್ನು ಮಂಡಿಯಿಂದ ಒತ್ತಿದರು. ಆ ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು, ಏನೂ ಇಲ್ಲ ಎಂದರು. ಮಾರ್ಚಿಗೆ ಬಚ್ಚಲಿಗೆ ಹೋಗಲೂ ಒಬ್ಬರು ಹಿಡಿದುಕೊಳ್ಳಬೇಕಾಯಿತು. ಆಮೇಲೆ ಬೇರೆ ಕಡೆ ಎಲುಬಿನ ಸ್ಕ್ಯಾನ್ ಮಾಡಿಸಿದಾಗ "ಎಲುಬಿಗೆ ಹರಡಿರಬಹುದು" ಎಂದು ಬರೆದುಕೊಟ್ಟರು. ಅದನ್ನು ಕೇಳಿದ ದಿನದಿಂದ ಅಮ್ಮ ಊಟ ಬಿಟ್ಟರು. ಔಷಧ ಬೇಡ, ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಡಿ ಎಂದರು.

ಏಪ್ರಿಲ್ ಕೊನೆಗೆ ಹಠ ಹಿಡಿದು, ರೇಡಿಯೇಷನ್ ಕೊಟ್ಟ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಅವರು ಎಂಆರ್‌ಐ ಮಾಡಿಸಿದರು. ಕ್ಯಾನ್ಸರ್ ಅಲ್ಲ. ಬೆನ್ನುಮೂಳೆಯ ಬುಡದಲ್ಲಿ ತ್ರಿಕೋನದ ಎಲುಬು ಇರುತ್ತದಲ್ಲ, ಸೇಕ್ರಮ್ ಅಂತ, ಅದರ ಎರಡೂ ಬದಿಯಲ್ಲಿ ಬಿರುಕು. "ರೇಡಿಯೇಷನ್ ಬಿದ್ದ ಜಾಗದ ಎಲುಬು ದುರ್ಬಲವಾಗುತ್ತದೆ, ಕೆಲವರಿಗೆ ಹೀಗೆ ಆಗುವುದುಂಟು" ಎಂದರು.

ಆಗುವುದುಂಟು ಎಂದಾದರೆ ಮೊದಲೇ ಒಂದು ಮಾತು ಹೇಳಬಾರದಿತ್ತಾ? ನಾಲ್ಕು ತಿಂಗಳು ಅಮ್ಮ ನೋವು ತಿಂದರು, ಕೊನೆಯ ದಿನಗಳಲ್ಲಿ ಸಾವು ಬಂತೆಂದೇ ಬದುಕಿದ್ದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ಗೊತ್ತಾಗುತ್ತಿಲ್ಲ. ಇದರ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ.

---

ಉಪ್ಪಳ ಸಿಸ್ಟರ್ | ಜೂನ್ 9, ರಾತ್ರಿ 11.15

ಅಕ್ಕ, ಓದಿ ತುಂಬ ಬೇಸರವಾಯಿತು. ನಾನು ರೇಡಿಯೇಷನ್ ವಿಭಾಗದಲ್ಲಿ 11 ವರ್ಷ ನರ್ಸ್ ಆಗಿದ್ದವಳು. ನಿಮ್ಮ ಸಿಟ್ಟು ನ್ಯಾಯದ್ದು. ನಾವು ಭೇದಿ ಆಗುತ್ತದೆ, ಮೂತ್ರ ಉರಿಯುತ್ತದೆ, ಚರ್ಮ ಕಪ್ಪಾಗುತ್ತದೆ ಎಂದೆಲ್ಲ ಹೇಳುತ್ತೇವೆ. ಎಲುಬಿನ ಮಾತು ಬರುವುದೇ ಇಲ್ಲ, ಏಕೆಂದರೆ ಅದು ತೋರಿಸಿಕೊಳ್ಳುವುದು ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ. ಹೆಚ್ಚಿನವರಿಗೆ ಮೊದಲ ಎರಡು ವರ್ಷದ ಒಳಗೆ. ಅಷ್ಟು ಹೊತ್ತಿಗೆ ಅವರು ನಮ್ಮ ಕಣ್ಣ ಮುಂದೆ ಇರುವುದಿಲ್ಲ.

ಯಾಕೆ ಹೀಗಾಗುತ್ತದೆ ಎಂದು ಹೇಳುತ್ತೇನೆ. ನಮ್ಮ ಎಲುಬು ಕಲ್ಲಿನ ಹಾಗೆ ಸುಮ್ನೆ ಇರುವ ವಸ್ತು ಅಲ್ಲ. ದಿನಾ ನಡೆಯುವಾಗ, ಏಳುವಾಗ, ಕೂರುವಾಗ ಅದರಲ್ಲಿ ಕಣ್ಣಿಗೆ ಕಾಣದ ಸವೆತ ಆಗುತ್ತಲೇ ಇರುತ್ತದೆ. ಒಳಗಿನ ಜೀವಕೋಶಗಳು ಅದನ್ನು ರಿಪೇರಿ ಮಾಡುತ್ತಲೇ ಇರುತ್ತವೆ. ಕಿಬ್ಬೊಟ್ಟೆಗೆ 45 ರಿಂದ 50 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ) ರೇಡಿಯೇಷನ್ ಕೊಡುವಾಗ ಸೊಂಟದ ಎಲುಬುಗಳು ಅದೇ ದಾರಿಯಲ್ಲಿ ಸಿಗುತ್ತವೆ. ಎಲುಬು ಕಟ್ಟುವ ಕೋಶಗಳು ಸಾಯುತ್ತವೆ, ಸಣ್ಣ ರಕ್ತನಾಳಗಳು ಮುಚ್ಚುತ್ತವೆ, ಮಜ್ಜೆಯ ಜಾಗಕ್ಕೆ ಕೊಬ್ಬು ಬರುತ್ತದೆ. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕವನ್ನು, ಅಂದರೆ ಕಾಲುಸೇತುವೆಯನ್ನು, ನೆನಪು ಮಾಡಿಕೊಳ್ಳಿ. ಲಡ್ಡಾದ ಮರವನ್ನು ತೆಗೆದು ಬೇರೆ ಹಾಕುವವನು ಇರುವ ತನಕ ಸಂಕ ಗಟ್ಟಿ. ಅವನು ಬರುವುದು ನಿಂತರೆ, ಅದೇ ಸಂಕ, ಅದೇ ನಡೆದಾಟ, ಒಂದು ದಿನ ನಡುವಿನಲ್ಲಿ ಬಿರುಕು. ನಿಮ್ಮ ಅಮ್ಮ ಬೀಳದೆಯೇ ಎಲುಬು ಬಿರಿದದ್ದು ಹೀಗೆ. ಮೈಯ ಭಾರವೆಲ್ಲ ಕಾಲಿಗೆ ಇಳಿಯುವುದು ಸೇಕ್ರಮಿನ ಮೂಲಕ. ಅದಕ್ಕೇ ಅಲ್ಲಿ ಜಾಸ್ತಿ. ಕೆಲವರಿಗೆ ಮುಂದಿನ ಗುಹ್ಯದ ಎಲುಬಿನಲ್ಲಿ, ಅಪರೂಪಕ್ಕೆ ತೊಡೆ ಎಲುಬಿನ ಕುತ್ತಿಗೆಯಲ್ಲಿ ಬರುತ್ತದೆ.

ಇನ್ನೊಂದು ಕಾರಣ ಅಂಡಾಶಯ. ಮುಟ್ಟು ಇನ್ನೂ ನಿಲ್ಲದ ಹೆಂಗಸಿಗೆ ಈ ರೇಡಿಯೇಷನ್ ಆದರೆ ಅಂಡಾಶಯ ಕೆಲವೇ ವಾರಗಳಲ್ಲಿ ಕೆಲಸ ನಿಲ್ಲಿಸುತ್ತದೆ. ಎಲುಬನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನ್ ಒಮ್ಮೆಲೇ ಬೀಳುತ್ತದೆ. ಆಗ ಸೊಂಟದ ಎಲುಬು ಮಾತ್ರ ಅಲ್ಲ, ಇಡೀ ಮೈಯ ಎಲುಬು ಟೊಳ್ಳಾಗುತ್ತದೆ. ಸಪೂರ ಮೈಯವರು, ವಯಸ್ಸಾದವರು, ಮೊದಲೇ ಎಲುಬು ಸವೆದವರು, ಬೇರೆ ಕಾಯಿಲೆಗೆ ತುಂಬಾ ಕಾಲ ಸ್ಟೀರಾಯ್ಡ್ ತಿಂದವರು, ಇವರಿಗೆಲ್ಲ ಅಪಾಯ ಜಾಸ್ತಿ.

ಎಷ್ಟು ಜನರಿಗೆ ಆಗುತ್ತದೆ ಎಂದು ಕೇಳಿದರೆ, ಹಲವು ಅಧ್ಯಯನಗಳಲ್ಲಿ ನೂರಕ್ಕೆ 10ರ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ. ಅವರಲ್ಲಿ ಎಲ್ಲರಿಗೂ ನೋವು ಇರುವುದಿಲ್ಲ. ಅಮೆರಿಕದಲ್ಲಿ 65 ದಾಟಿದ ಹೆಂಗಸರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ 2005ರಲ್ಲಿ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಆದವರಲ್ಲಿ ಐದು ವರ್ಷದೊಳಗೆ ಸೊಂಟದ ಎಲುಬು ಮುರಿದದ್ದು ನೂರಕ್ಕೆ 8.2. ರೇಡಿಯೇಷನ್ ಇಲ್ಲದವರಲ್ಲಿ 5.9. ಗುದದ್ವಾರದ ಕ್ಯಾನ್ಸರಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು, ರೇಡಿಯೇಷನ್ ಆದವರಲ್ಲಿ ನೂರಕ್ಕೆ 14, ಇಲ್ಲದವರಲ್ಲಿ 7.5.

ಅಮ್ಮನಿಗೆ ಈಗ ಎಂತ ಕೊಡುತ್ತಿದ್ದಾರೆ?

---

ಬದಿಯಡ್ಕದ ಮಗಳು | ಜೂನ್ 10, ಬೆಳಿಗ್ಗೆ 6.20

ಸಿಸ್ಟರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಸಂಕದ ಮಾತು ಬಂದಾಗ ಅವರು ಸುಮ್ಮನೆ ತೋಟದ ಕಡೆ ನೋಡಿದರು.

ಈಗ ನೋವಿನ ಮಾತ್ರೆ, ಕ್ಯಾಲ್ಸಿಯಂ, ವಾರಕ್ಕೊಂದು ವಿಟಮಿನ್ ಡಿ. ವಾಕರ್ ಹಿಡಿದು ಮನೆಯೊಳಗೆ ನಡೆಯಬೇಕು ಎಂದಿದ್ದಾರೆ. ವಿಟಮಿನ್ ಡಿ ಪರೀಕ್ಷೆಯಲ್ಲಿ 11 ಬಂತು, ತುಂಬಾ ಕಡಿಮೆಯಂತೆ. ಇಡೀ ದಿನ ಅಂಗಳದಲ್ಲಿ ಅಡಿಕೆ ಹರಡುವ ಹೆಂಗಸಿಗೆ 11! ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ಆಯಿತು. ಟಿ ಸ್ಕೋರ್ ಮೈನಸ್ 3.1.

---

ಪೆರ್ಲದ ಹುಡುಗ | ಜೂನ್ 10, ಬೆಳಿಗ್ಗೆ 8.05

ನನ್ನ ಅಮ್ಮನಿಗೆ ಮುಂದಿನ ವಾರ ರೇಡಿಯೇಷನ್ ಶುರು. 56 ವರ್ಷ, ಅದೇ ಕಾಯಿಲೆ. ನಿನ್ನೆ ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ. ಡಾಕ್ಟರ ಹತ್ತಿರ ಎಂತ ಕೇಳಬೇಕು? ರಾಗಿ, ಎಳ್ಳು, ಹಾಲು ಜಾಸ್ತಿ ಕೊಟ್ಟರೆ ಸಾಕಾಗುವುದಿಲ್ವಾ?

---

ಉಪ್ಪಳ ಸಿಸ್ಟರ್ | ಜೂನ್ 10, ಮಧ್ಯಾಹ್ನ 2.30

ತಮ್ಮಾ, ಹೆದರಬೇಡ. ನಿನಗೆ ಒಂದು ವಾರ ಸಮಯ ಉಂಟು. ನಮ್ಮ ಹೆಚ್ಚಿನವರಿಗೆ ಅದೇ ಸಿಗಲಿಲ್ಲ.

ಕೇಳಲಿಕ್ಕೆ ಇರುವುದು ದೊಡ್ಡ ವಿಷಯವೇನಲ್ಲ. "ಅಮ್ಮನ ಎಲುಬು ಹೇಗುಂಟು ಎಂದು ಮೊದಲೇ ನೋಡಬಹುದಾ ಡಾಕ್ಟ್ರೇ?" ಎಂದು ಕೇಳು. ಅವರು ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿಯ ರಕ್ತ ಪರೀಕ್ಷೆ ಬರೆಯಬಹುದು, ಡೆಕ್ಸಾ ಬರೆಯಬಹುದು. ಡೆಕ್ಸಾ ಎಂದರೆ ಮೇಜಿನ ಮೇಲೆ ಅಂಗಾತ ಮಲಗುವುದು, ಹತ್ತು ಹದಿನೈದು ನಿಮಿಷ, ಸೂಜಿ ಇಲ್ಲ, ನೋವಿಲ್ಲ. ಟಿ ಸ್ಕೋರ್ ಮೈನಸ್ 1ಕ್ಕಿಂತ ಮೇಲೆ ಇದ್ದರೆ ಸರಿ. ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಸವೆಯಲು ಶುರುವಾಗಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ಕಾಯಿಲೆ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಮೆಷಿನ್ ಇದಕ್ಕೆ ಸಮ ಅಲ್ಲ, ಅದರಲ್ಲಿ ಚೆನ್ನಾಗಿ ಬಂತೆಂದು ಸುಮ್ಮನಾಗಬೇಡ.

ಐಎಂಆರ್‌ಟಿ ಎಂಬ ವಿಧಾನದಲ್ಲಿ ಕಿರಣದ ಆಕಾರವನ್ನು ಬೇಕಾದ ಜಾಗಕ್ಕೆ ಹೊಂದಿಸಿ ಕೊಡುತ್ತಾರೆ. ಎಲುಬಿಗೂ ಕರುಳಿಗೂ ಬೀಳುವ ಪ್ರಮಾಣ ಕಡಿಮೆ ಮಾಡಲು ಆಗುತ್ತದೆ. ಅಮ್ಮನಿಗೆ ಅದು ಹೊಂದುತ್ತದಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೆ ಹಾಕಬೇಡ. ಒಮ್ಮೆ ಶುರುವಾದ ಮೇಲೆ ನಡುವಿನಲ್ಲಿ ದಿನ ತಪ್ಪಿಸಲೂ ಬೇಡ.

ಇನ್ನು ಊಟ. ಐಸಿಎಂಆರ್ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ನಮ್ಮದು ಕುಚ್ಚಲಕ್ಕಿ ಊಟ, ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಒಂದು ದೊಡ್ಡ ಲೋಟ ಹಾಲಿನಲ್ಲಿ 240ರ ಹತ್ತಿರ. ನುಗ್ಗೆ ಸೊಪ್ಪು ಹಿತ್ತಿಲಲ್ಲೇ ಇರುತ್ತದೆ. ಮೀನು ತಿನ್ನುವ ಮನೆಯಾದರೆ ಸಣ್ಣ ಬೂತಾಯಿ, ಕೊಲ್ಲತರುಗಳನ್ನು ಮುಳ್ಳು ಸಮೇತ ಜಗಿದು ತಿನ್ನುವುದು ತುಂಬ ಒಳ್ಳೆಯದು.

ಆದರೆ ಒಂದು ಎಚ್ಚರ. ರೇಡಿಯೇಷನ್ ನಡೆಯುವ ಐದು ವಾರ, ಮತ್ತೆ ಒಂದೆರಡು ವಾರ, ಕರುಳು ಹುಣ್ಣಾದ ಹಾಗೆ ಇರುತ್ತದೆ. ಆಗ ರಾಗಿ, ಸೊಪ್ಪು ಹೊಟ್ಟೆಗೆ ಹಿಡಿಸುವುದಿಲ್ಲ, ಭೇದಿ ಜಾಸ್ತಿಯಾಗುತ್ತದೆ. ಕೆಲವರಿಗೆ ಹಾಲು ಕೂಡ ಆಗುವುದಿಲ್ಲ. "ಎಲುಬಿಗೆ ಒಳ್ಳೆಯದು" ಎಂದು ಆ ಸಮಯದಲ್ಲಿ ಒತ್ತಾಯ ಮಾಡಿ ತಿನ್ನಿಸಬೇಡ. ಗಂಜಿ, ಮಜ್ಜಿಗೆ, ಮೊಸರು, ಮೊಟ್ಟೆ ಸಾಕು. ಕೊರತೆಯನ್ನು ಮಾತ್ರೆಯಲ್ಲಿ ತುಂಬಿಸುತ್ತಾರೆ. ಕರುಳು ಸುಧಾರಿಸಿದ ಮೇಲೆ ಒಂದೊಂದಾಗಿ ಶುರು ಮಾಡು. ತಿಂಗಳುಗಟ್ಟಲೆ ಭೇದಿ ನಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಕರುಳು ಹೀರಿಕೊಳ್ಳದಿದ್ದರೆ ತಿಂದದ್ದು ಎಲುಬಿಗೆ ಮುಟ್ಟುವುದಿಲ್ಲ.

---

ಮುಳ್ಳೇರಿಯದ ಅಳಿಯ | ಜೂನ್ 10, ಸಂಜೆ 7.10

ವಿಟಮಿನ್ ಡಿ ಬಗ್ಗೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನನ್ನ ಅತ್ತೆಗೆ 60,000 ಯೂನಿಟ್ಟಿನ ಮಾತ್ರೆ ಕೊಟ್ಟಿದ್ದರು. ವಾರಕ್ಕೆ ಒಂದು, ಎಂಟು ವಾರ. ಅಂಗಡಿಯಲ್ಲಿ ಮಲಯಾಳದಲ್ಲಿ ಹೇಳಿದರು. ಅತ್ತೆಗೆ ಮಲಯಾಳ ಅರ್ಧಂಬರ್ಧ. ಬೇರೆ ಮಾತ್ರೆಗಳ ಹಾಗೆ ದಿನಾ ಒಂದು ಎಂದು ತಿಳಿದುಕೊಂಡರು. ಮುಗಿದ ಹಾಗೆ ಮಾವ ಮತ್ತೆ ತಂದುಕೊಟ್ಟರು. ಒಂದೂವರೆ ತಿಂಗಳು ಹೀಗೇ ನಡೆಯಿತು. ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ಬಾಯಾರಿಕೆ, ಮಾತಿನಲ್ಲಿ ಗೊಂದಲ. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು, ಕಿಡ್ನಿಗೂ ತೊಂದರೆಯಾಯಿತು. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟರು. ಈಗ ಪರವಾಗಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಚೀಟಿ ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಮದ್ದು ತಿನ್ನುವವರು ಕನ್ನಡದವರು ಅಥವಾ ತುಳುವಿನವರು. ಯಾರನ್ನೂ ದೂರುವುದಲ್ಲ. ಆದರೆ ಮದ್ದಿನ ಲಕೋಟೆಯ ಮೇಲೆ ಮನೆಯ ಮಕ್ಕಳು ಕನ್ನಡದಲ್ಲಿ "ಆದಿತ್ಯವಾರ ಮಾತ್ರ" ಎಂದು ಬರೆದಿಟ್ಟರೆ ಎಷ್ಟೋ ಉಳಿಯುತ್ತದೆ. ನಾವು ಈಗ ಕ್ಯಾಲೆಂಡರಿನಲ್ಲೇ ವೃತ್ತ ಹಾಕಿ, ಮಾತ್ರೆಯನ್ನು ಆ ದಿನದ ಮೇಲೆ ಟೇಪಿನಿಂದ ಅಂಟಿಸುತ್ತೇವೆ.

---

ಕುಂಬಳೆ ಟೀಚರ್ | ಜೂನ್ 10, ರಾತ್ರಿ 10.00

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನಿಸಿತು. ನನಗೆ ಇದೇ ಕ್ಯಾನ್ಸರ್ ಬಂದಾಗ 37 ವರ್ಷ. ಈಗ 44.

ರೇಡಿಯೇಷನ್ ಮೂರನೇ ವಾರಕ್ಕೆ ಬಂದಾಗ ಕ್ಲಾಸಿನಲ್ಲಿ ನಿಂತಲ್ಲೇ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ. ಬೆವರು. ರಾತ್ರಿ ಎರಡು ಸಲ ರವಿಕೆ ಬದಲಿಸಬೇಕು. ನನ್ನ ಅಮ್ಮನಿಗೆ 50ಕ್ಕೆ ಬಂದದ್ದು ನನಗೆ 37ಕ್ಕೆ, ಅದೂ ಒಂದೇ ತಿಂಗಳಲ್ಲಿ. ಯಾರ ಹತ್ತಿರ ಹೇಳುವುದು? ಕ್ಯಾನ್ಸರ್ ಹೋದರೆ ಸಾಕು, ಉಳಿದದ್ದು ಅನುಭವಿಸಬೇಕು ಎಂದುಕೊಂಡೆ.

ಫಾಲೋಅಪ್ಪಿಗೆ ಹೋದಾಗ ಒಬ್ಬರು ಲೇಡಿ ಡಾಕ್ಟರ್ ಕೇಳಿದರು, "ಮುಟ್ಟು ನಿಂತಿತಾ? ಹಾರ್ಮೋನ್ ಬಗ್ಗೆ ಯಾರಾದರೂ ಮಾತಾಡಿದ್ದಾರಾ?" ನಾನು ಹಾರ್ಮೋನ್ ಎಂದರೆ ಕ್ಯಾನ್ಸರ್ ಬರಿಸುವುದು ಅಲ್ವಾ ಎಂದೆ. ಅವರು ಕುರ್ಚಿ ಹತ್ತಿರ ಎಳೆದು ಹೇಳಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಹೆಚ್ಚಿನದು ಸ್ಕ್ವೇಮಸ್ ಎಂಬ ಬಗೆ. ಅದು ಈಸ್ಟ್ರೋಜನ್ನಿನಿಂದ ಬೆಳೆಯುವಂಥದ್ದಲ್ಲ. ಸಣ್ಣ ಪ್ರಾಯದಲ್ಲಿ ಅಂಡಾಶಯ ನಿಂತವರಿಗೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ, ಅಂದರೆ 50ರ ಆಸುಪಾಸಿನ ತನಕ, ಹಾರ್ಮೋನ್ ಕೊಡಬಹುದು. ಎಲುಬಿಗೂ ಹೃದಯಕ್ಕೂ ಅದು ಬೇಕು. ಗರ್ಭಕೋಶ ಇನ್ನೂ ಒಳಗೇ ಇರುವುದರಿಂದ ಎರಡು ಹಾರ್ಮೋನ್ ಸೇರಿಸಿ ಕೊಡಬೇಕು, ಈಸ್ಟ್ರೋಜನ್ ಒಂದನ್ನೇ ಕೊಡಬಾರದು.

ನಾನು ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಆಗ ಡೆಕ್ಸಾ ಮೈನಸ್ 1.9 ಇತ್ತು, ಈಗ ಮೈನಸ್ 1.6. ಆದರೆ ದಯವಿಟ್ಟು ಯಾರೂ ಇದನ್ನು ಓದಿ ಅಂಗಡಿಯಿಂದ ತಂದು ತಿನ್ನಬೇಡಿ. ಗರ್ಭಕೋಶದ ಒಳಪದರದ ಕ್ಯಾನ್ಸರ್, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಇವರಿಗೆಲ್ಲ ಲೆಕ್ಕ ಬೇರೆ. ಕೇಳಿ, ಅಷ್ಟೇ. ನಾಚಿಕೆಯಿಂದ ಕೇಳದೆ ನಾನು ಒಂದು ವರ್ಷ ಕಳೆದುಕೊಂಡೆ.

ಬದಿಯಡ್ಕದ ಅಕ್ಕ, ನಿಮ್ಮ "ಸೊಂಟ ನೋವು" ಓದಿ ಕಣ್ಣು ತುಂಬಿತು. ನಾನೂ ಶಾಲೆಯಲ್ಲಿ ಅದನ್ನೇ ಹೇಳಿ ರಜೆ ಹಾಕಿದ್ದೆ. ಆ ಜಾಗದ ಹೆಸರು ಹೇಳಲಾಗದೆ ಎಷ್ಟು ಹೆಂಗಸರು ಇದೇ ಮಾತಿನ ಹಿಂದೆ ಅಡಗಿರಬಹುದು.

---

ಬಾಯಾರಿನ ಸೊಸೆ | ಜೂನ್ 11, ಬೆಳಿಗ್ಗೆ 9.40

ತಪ್ಪು ತಿಳಿಯಬೇಡಿ. ಇದನ್ನೆಲ್ಲ ನನ್ನ ಅತ್ತೆಗೆ ಹೇಳಿದ್ದೇ ತಪ್ಪಾಯಿತೇನೋ. ಅವರಿಗೆ 68, ಮುಂದಿನ ತಿಂಗಳು ರೇಡಿಯೇಷನ್ ಎಂದಿದ್ದಾರೆ. "ಎಲುಬು ಮುರಿದು ಮಲಗುವುದಕ್ಕಿಂತ ಹೀಗೇ ಹೋಗುವುದು ಲೇಸು, ಕರೆಂಟ್ ಬೇಡ" ಎನ್ನುತ್ತಿದ್ದಾರೆ.

---

ಕುಂಬಳೆ ಟೀಚರ್ | ಜೂನ್ 11, ಬೆಳಿಗ್ಗೆ 10.15

ಬೇಡ ಎನ್ನಲು ಬಿಡಬೇಡಿ. ನಾನು ಇವತ್ತು ಮಕ್ಕಳಿಗೆ ಪಾಠ ಹೇಳುತ್ತಿರುವುದು ಆ ಕರೆಂಟಿನಿಂದಲೇ. ಗಡ್ಡೆಯನ್ನು ಬಿಟ್ಟರೆ ಆಗುವ ರಕ್ತಸ್ರಾವ, ನೋವು, ಮೂತ್ರದ ದಾರಿ ಕಟ್ಟುವುದು, ಇದನ್ನೆಲ್ಲ ನಾನು ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ನೂರರಲ್ಲಿ 90 ಜನರ ಆಸುಪಾಸಿಗೆ ಈ ಬಿರುಕು ಆಗುವುದೇ ಇಲ್ಲ. ಆದವರಲ್ಲೂ ಹೆಚ್ಚಿನವರು ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ. ಅತ್ತೆಗೆ ಬೇಕಾದರೆ ನನ್ನ ಹತ್ತಿರ ಮಾತಾಡಿಸಿ. ನಾನೇ ಬಾಯಾರಿಗೆ ಬರುತ್ತೇನೆ, ಶನಿವಾರ ರಜೆ ಉಂಟು.

---

ಕಾಸರಗೋಡಿನ ಫಿಸಿಯೋ | ಜೂನ್ 11, ಮಧ್ಯಾಹ್ನ 1.00

ನೋವಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಈ ಬಿರುಕಿನ ನೋವು ಸಾಮಾನ್ಯವಾಗಿ ಬೆನ್ನಿನ ತೀರಾ ಕೆಳಗೆ, ಕುಂಡೆಯ ಮೇಲ್ಭಾಗದಲ್ಲಿ ಇರುತ್ತದೆ. ಕೆಲವರಿಗೆ ತೊಡೆಸಂದಿಯಲ್ಲಿ. ನಿಂತರೆ, ನಡೆದರೆ, ಏಳುವಾಗ ಜಾಸ್ತಿ. ಮಲಗಿದರೆ ಕಡಿಮೆ. ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚು, ಏಕೆಂದರೆ ಸೇಕ್ರಮಿನ ಮೇಲೆ ಕರುಳು, ಗಾಳಿ ಎಲ್ಲ ಅಡ್ಡ ಬರುತ್ತದೆ. ಎಂಆರ್‌ಐಯಲ್ಲಿ ಚೆನ್ನಾಗಿ ಕಾಣುತ್ತದೆ. ಎಲುಬಿನ ಸ್ಕ್ಯಾನಿನಲ್ಲಿ ಎರಡೂ ಬದಿ ಹೊಳೆಯುವುದರಿಂದ, ರೇಡಿಯೇಷನ್ ಆದ ಸಂಗತಿ ಗೊತ್ತಿಲ್ಲದವರು ನೋಡಿದರೆ ಕ್ಯಾನ್ಸರ್ ಹರಡಿದೆ ಎಂದು ಅನಿಸುವುದುಂಟು. ಅದಕ್ಕೇ ಹಳೆಯ ರೇಡಿಯೇಷನ್ ಚೀಟಿಯನ್ನು ಎಲ್ಲ ಕಡೆಗೂ ಕೊಂಡೊಯ್ಯಬೇಕು.

ಕಾಲಿನಲ್ಲಿ ಬಲ ಕಡಿಮೆಯಾದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಯಬೇಡಿ.

ಬಿರುಕು ಬಿಟ್ಟ ಸೊಂಟವನ್ನು ಯಾರಿಂದಲೂ ಒತ್ತಿಸಬೇಡಿ, ತಿರುಗಿಸಬೇಡಿ. ಹಾಗೆಂದು ಮೂರು ತಿಂಗಳು ಹಾಸಿಗೆಯಲ್ಲೇ ಮಲಗಿಸಿದರೆ ಎಲುಬು ಇನ್ನೂ ಸವೆಯುತ್ತದೆ, ಮಾಂಸಖಂಡ ಬತ್ತುತ್ತದೆ. ನೋವು ತಡೆಯುವಷ್ಟು ಮಟ್ಟಿಗೆ ವಾಕರ್ ಹಿಡಿದು, ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಬಗ್ಗಿ ಕೊಡಪಾನ ಎತ್ತುವುದು, ಸೌದೆ ಹೊರುವುದು, ಕುಕ್ಕರಗಾಲಲ್ಲಿ ಕೂರುವುದು ಸದ್ಯಕ್ಕೆ ಬೇಡ.

ಇನ್ನೂ ಬಿರುಕು ಬಾರದವರಿಗೆ ನಡಿಗೆಯೇ ಮದ್ದು. ರೇಡಿಯೇಷನ್ ನಡೆಯುವಾಗಲೂ ಸುಸ್ತು ಇಲ್ಲದ ಹೊತ್ತಿನಲ್ಲಿ ನಡೆಯಲಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಕಾಲಲ್ಲಿ ನಿಲ್ಲುವುದು. ಇದಕ್ಕೆ ಖರ್ಚಿಲ್ಲ.

---

ಮಂಜೇಶ್ವರದವಳು | ಜೂನ್ 11, ಸಂಜೆ 5.45

ನಾನು ನಮ್ಮ ಪಂಚಾಯತಿನ ಪಾಲಿಯೇಟಿವ್ (ರೋಗಿಯ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ) ನರ್ಸ್ ಜೊತೆಗೆ ಮನೆಮನೆಗೆ ಹೋಗುವವಳು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ನೀತಿ ಉಂಟು, ಪಂಚಾಯತಿನ ಹೋಂಕೇರ್ ಹಾಗೆ ಬಂದದ್ದು. ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ವಾಕರ್ ಬೇಕಾದರೆ ಮೊದಲು ಅಲ್ಲಿ ಕೇಳಿ, ಎಷ್ಟೋ ಕಡೆ ಎರವಲು ಸಿಗುತ್ತದೆ.

ಈಗ ಜೂನ್. ನಮ್ಮ ಅಂಗಳಗಳು ಹೇಗಿರುತ್ತವೆ ಎಂದು ನಿಮಗೆಲ್ಲ ಗೊತ್ತು. ಎರಡು ಮಳೆ ಬಿದ್ದರೆ ಹಸಿರು ಪಾಚಿ. ಹೋದ ವಾರ ಒಂದು ಮನೆಯಲ್ಲಿ ನೋಡಿದೆ. ರೇಡಿಯೇಷನ್ ಆದ 65ರ ಅಜ್ಜಿ, ಮನೆಯಿಂದ ಹತ್ತು ಹೆಜ್ಜೆ ದೂರದ ಬಚ್ಚಲಿಗೆ ರಾತ್ರಿ ಒಬ್ಬರೇ ಹೋಗುತ್ತಾರೆ, ಹವಾಯಿ ಚಪ್ಪಲಿ ಸವೆದು ತಳ ಕನ್ನಡಿಯಂತೆ ನುಣುಪು, ಕೈಯಲ್ಲಿ ಟಾರ್ಚ್ ಇಲ್ಲ. ರೇಡಿಯೇಷನ್ ಆದವರಿಗೆ ಮೂತ್ರ, ಭೇದಿ ತಡೆಯುವುದು ಕಷ್ಟ, ಅವಸರದಲ್ಲಿ ಓಡುತ್ತಾರೆ. ಬೀಳುವುದು ಅಲ್ಲಿಯೇ. ಅವರ ಮಗನಿಗೆ ಹೇಳಿ ದಾರಿಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೆವು, ಮೇಲೆ ಅಡಿಕೆ ಸೋಗೆ ಹಾಸಿದೆವು, ಗೋಡೆಗೆ ಕೈ ಹಿಡಿಯಲು ಒಂದು ಜಿಐ ಪೈಪ್ ಹಾಕಿಸಿದೆವು. ರಾತ್ರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ.

ಅಡಿಕೆ ಸುಲಿಯಲು ಮಣೆ ಬೇಡ. ಎತ್ತರದ ಸ್ಟೂಲು ಹಾಕಿ, ಮೆಟ್ಟುಕತ್ತಿಯನ್ನು ಬೆಂಚಿನ ಮೇಲೆ ಇಟ್ಟು ಕಟ್ಟಿಕೊಡಿ. ನಮ್ಮ ಅಮ್ಮಂದಿರಿಗೆ ಕೆಲಸ ಬಿಡಿ ಎಂದರೆ ಬಿಡುವುದಿಲ್ಲ.

---

ಬದಿಯಡ್ಕದ ಮಗಳು | ಜೂನ್ 12, ರಾತ್ರಿ 8.30

ಸ್ಟೂಲಿನ ಮಾತು ತುಂಬಾ ಉಪಕಾರವಾಯಿತು. ಅಪ್ಪ ನಾಳೆಯೇ ಬಡಗಿಗೆ ಹೇಳುತ್ತಾರಂತೆ.

ಇನ್ನೊಂದು ಸಂಶಯ. ಟಿ ಸ್ಕೋರ್ ನೋಡಿ ಡಾಕ್ಟರ್ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ಎಂದಿದ್ದಾರೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದರು. ಸೊಂಟಕ್ಕೂ ಹಲ್ಲಿಗೂ ಏನು ಸಂಬಂಧ?

---

ಉಪ್ಪಳ ಸಿಸ್ಟರ್ | ಜೂನ್ 12, ರಾತ್ರಿ 10.40

ಒಳ್ಳೆಯ ಡಾಕ್ಟರ್, ಸರಿಯಾಗಿಯೇ ಹೇಳಿದ್ದಾರೆ. ಈ ಮದ್ದುಗಳು ಎಲುಬು ಕರಗುವುದನ್ನು ತಡೆಯುತ್ತವೆ. ಅಪರೂಪಕ್ಕೆ, ಹಲ್ಲು ಕಿತ್ತ ಜಾಗದಲ್ಲಿ ದವಡೆ ಎಲುಬು ಮಾಗದೆ ಉಳಿಯುವುದುಂಟು. ಹಾಗಾಗಿ ಕೀಳಬೇಕಾದ ಹುಳುಕು ಹಲ್ಲನ್ನು ಮೊದಲೇ ಕಿತ್ತು, ಗಾಯ ಮಾಗಿದ ಮೇಲೆ ಶುರು ಮಾಡುತ್ತಾರೆ. ಅಮ್ಮ ಎಲೆ ಅಡಿಕೆ ಹಾಕುವವರಾದರೆ ಅದನ್ನೂ ಹೇಳಿ. ಇಂಜೆಕ್ಷನ್, ಅಂದರೆ ಜೊಲೆಡ್ರೋನಿಕ್ ಆಸಿಡ್, ಕೊಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಲೇಬೇಕು. ಕೀಮೋಗೆ ಕೊಟ್ಟ ಸಿಸ್‌ಪ್ಲಾಟಿನ್ ಕಿಡ್ನಿಗೆ ಪೆಟ್ಟು ಕೊಟ್ಟಿರಬಹುದು. ವಿಟಮಿನ್ ಡಿ 11 ಇದ್ದರೆ ಅದನ್ನು ಮೊದಲು ಸರಿ ಮಾಡಬೇಕು, ಇಲ್ಲದಿದ್ದರೆ ಇಂಜೆಕ್ಷನ್ ಆದ ಮೇಲೆ ರಕ್ತದ ಕ್ಯಾಲ್ಸಿಯಂ ಬೀಳುತ್ತದೆ. ಇಂಜೆಕ್ಷನ್ ಆದ ಮರುದಿನ ಜ್ವರ, ಮೈಕೈ ನೋವು ಬಂದರೆ ಗಾಬರಿಯಾಗಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ.

ಮಾತ್ರೆಯಾದರೆ ಒಂದು ಶಿಸ್ತು ಉಂಟು. ಬೆಳಿಗ್ಗೆ ಎದ್ದ ಕೂಡಲೇ, ಬರೀ ಹೊಟ್ಟೆಯಲ್ಲಿ, ಒಂದು ತುಂಬು ಲೋಟ ನೀರಿನ ಜೊತೆ. ಕಷಾಯ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಆಗ ಬೇಡ. ಮುಂದಿನ ಅರ್ಧ ಗಂಟೆ ಮಲಗಬಾರದು, ಕುಳಿತಿರಬೇಕು ಅಥವಾ ನಿಂತಿರಬೇಕು. ಮಲಗಿದರೆ ಅನ್ನನಾಳ ಸುಟ್ಟ ಹಾಗೆ ಆಗುತ್ತದೆ. ನೋವಿನಿಂದ ಅರ್ಧ ಗಂಟೆ ಕೂರಲು ಆಗದಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಇಂಜೆಕ್ಷನ್ನೇ ಒಳ್ಳೆಯದಾಗಬಹುದು.

---

ಬದಿಯಡ್ಕದ ಮಗಳು | ಜೂನ್ 15, ಸಂಜೆ 6.00

ನಾನು ಒಂದು ಕಾಗದ ಬರೆದು ಅಮ್ಮನ ಫೈಲಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ಮಲಯಾಳದ್ದನ್ನು ನಮ್ಮ ಆಶಾ ಕಾರ್ಯಕರ್ತೆ ಬರೆದುಕೊಟ್ಟರು. ಯಾರಿಗಾದರೂ ಬೇಕಾದರೆ ತೆಗೆದುಕೊಳ್ಳಿ:

"ಇವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಸೊಂಟದ ಭಾಗಕ್ಕೆ ರೇಡಿಯೇಷನ್ ಆಗಿದೆ. ಆ ಭಾಗದ ಎಲುಬು ಬಲಹೀನವಾಗಿದೆ. ಬೆನ್ನಿನ ಬುಡದಲ್ಲಿ ಅಥವಾ ತೊಡೆಸಂದಿಯಲ್ಲಿ ನೋವು ಎಂದು ಹೇಳಿದರೆ ಎಲುಬಿನ ಬಿರುಕು ಇರಬಹುದೇ ಎಂದು ನೋಡಿ. ಒತ್ತಬೇಡಿ, ಎಳೆಯಬೇಡಿ. ರೇಡಿಯೇಷನ್ ಚೀಟಿ ಒಳಗಿದೆ."

ಬರೆಯುವಾಗ ಮೊದಲ ಸಾಲಿನಲ್ಲಿ ಕಾಯಿಲೆಯ ಹೆಸರು ಹಾಕಲಾ ಬೇಡವಾ ಎಂದು ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು" ಎಂದರು.

---

ಬಾಯಾರಿನ ಸೊಸೆ | ಜೂನ್ 16, ಮಧ್ಯಾಹ್ನ 12.20

ಟೀಚರ್ ಶನಿವಾರ ಬಂದಿದ್ದರು. ಅತ್ತೆಯ ಜೊತೆ ಒಳಗಿನ ಕೋಣೆಯಲ್ಲಿ ಎರಡು ಗಂಟೆ ಮಾತಾಡಿದರು. ನಾನು ಹೋಗಲಿಲ್ಲ. ಅತ್ತೆ ರೇಡಿಯೇಷನ್ನಿಗೆ ಒಪ್ಪಿದ್ದಾರೆ. ಡೆಕ್ಸಾಕ್ಕೆ ಗುರುವಾರ ಹೋಗುತ್ತೇವೆ.

---

ಪೆರ್ಲದ ಹುಡುಗ | ಜೂನ್ 18, ರಾತ್ರಿ 9.00

ಅಮ್ಮನ ಡೆಕ್ಸಾ ಮೈನಸ್ 2.2, ವಿಟಮಿನ್ ಡಿ 16. ವಿಟಮಿನ್ ಡಿ ಶುರು ಮಾಡಿದ್ದಾರೆ, ಆದಿತ್ಯವಾರ ಮಾತ್ರ, ಕ್ಯಾಲೆಂಡರಿನಲ್ಲಿ ಅಂಟಿಸಿದ್ದೇನೆ. ನಾನು ಕೇಳುವ ಮೊದಲೇ ಡಾಕ್ಟರ್ ಐಎಂಆರ್‌ಟಿ ಎಂದು ಪ್ಲಾನ್ ಮಾಡಿದ್ದರು.

ಇವತ್ತು ಮೊದಲ ದಿನ. ಒಳಗೆ ಕರೆಯುವ ಮೊದಲು ಅಮ್ಮ ಡಾಕ್ಟರಿಗೆ ಹೇಳಿದರು, "ಡಾಕ್ಟ್ರೇ, ಇವತ್ತು ನನಗೆ ಸೊಂಟ ನೋವು ಇಲ್ಲ. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬಂದರೆ ನಾನು ಬಂದು ಹೇಳುತ್ತೇನೆ." ಅವರು ಅಮ್ಮನ ಎದುರೇ ಫೈಲಿನಲ್ಲಿ ಬರೆದರು.